ಕುರ್ಚಿ ಹಾಕಿದವರು ಯಾರು, ಕೇಳು

ಮಗೂ,

ಭಾನುವಾರ ರಾತ್ರಿ ನೀನು ಫೋನು ಇಟ್ಟ ಮೇಲೆ ಬಹಳ ಹೊತ್ತು ನನಗೆ ನಿದ್ದೆ ಬರಲಿಲ್ಲ. ಮಾಂಟ್ರಿಯಲ್‌ನಲ್ಲೇ ಕೆಲಸ ಸಿಕ್ಕಿತು, ಅದೂ ನೀನು ಬಯಸಿದ ಮಾನವ ಹಕ್ಕುಗಳ ಕೆಲಸವೇ, ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಮುಗಿಸುವ ಹೊತ್ತಿಗೆ ದನಿ ಇಳಿಸಿ ಇನ್ನೊಂದು ಮಾತು ಸೇರಿಸಿದೆ: "ತಾತ, ಸಂಸ್ಥೆಗೆ ಬರೋ ದುಡ್ಡಿನಲ್ಲಿ ಮುಕ್ಕಾಲು ಪಾಲು ಸರ್ಕಾರದ್ದೇ. ಸರ್ಕಾರಗಳನ್ನು ಪ್ರಶ್ನೆ ಮಾಡೋ ಕೆಲಸಕ್ಕೆ ಸರ್ಕಾರದ ದುಡ್ಡು ತಗೊಳ್ಳೋದು ಸರಿಯಾ?" ನನ್ನ ಪಕ್ಕ ಕೂತಿದ್ದ ನಿನ್ನಪ್ಪ, "ಸಂಬಳ ಒಂದನೇ ತಾರೀಕಿಗೆ ಬರತ್ತಾ ಕೇಳು" ಅಂದ. ನೀನು ನಕ್ಕೆ. ಅವನ ಪ್ರಶ್ನೆ ನಗುವಂಥದ್ದಲ್ಲ. ಅದಕ್ಕೂ ಬರುತ್ತೇನೆ.

ನನ್ನ ಯೋಗ್ಯತೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. 38 ವರ್ಷ ತುಮಕೂರಿನಲ್ಲಿ ಆಡಿಟರ್ ಆಗಿದ್ದವನು ನಾನು. ಅನುದಾನಿತ ಶಾಲೆಗಳು, ಸಹಕಾರ ಸಂಘಗಳು, ವಿದ್ಯಾರ್ಥಿನಿಲಯಗಳು, ಟ್ರಸ್ಟುಗಳು, ಆಮೇಲಾಮೇಲೆ ಒಂದಷ್ಟು ಸ್ವಯಂಸೇವಾ ಸಂಸ್ಥೆಗಳು, ಇವುಗಳ ಪುಸ್ತಕ ನೋಡುತ್ತ ಕಣ್ಣು ಸವೆಸಿಕೊಂಡೆ. ಮಾನವ ಹಕ್ಕುಗಳ ಬಗ್ಗೆ ನೀನು ಓದಿದಷ್ಟು ನಾನು ಓದಿಲ್ಲ. ಅವುಗಳ ಹೆಸರಿನಲ್ಲಿ ಬರೆದ ವೋಚರುಗಳನ್ನು ಮಾತ್ರ ಬೇಕಾದಷ್ಟು ಓದಿದ್ದೇನೆ. ಹಾಗಾಗಿ ಇದು ಲೆಕ್ಕದ ಮನುಷ್ಯನ ಮಾತು, ಅಷ್ಟಕ್ಕೇ ತಗೋ.

ಸರ್ಕಾರದ ದುಡ್ಡು ಮುಟ್ಟಿದರೆ ಮೈಲಿಗೆ ಎನ್ನುವವರ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡ. ನಮ್ಮಪ್ಪ, ಅಂದರೆ ನಿನ್ನ ಮುತ್ತಾತ, ಅನುದಾನಿತ ಶಾಲೆಯ ಮೇಷ್ಟ್ರು. ಸಂಬಳ ಸರ್ಕಾರದ ಅನುದಾನದಿಂದ ಬರುತ್ತಿತ್ತು. ತುರ್ತುಪರಿಸ್ಥಿತಿಯ ದಿನಗಳಲ್ಲೂ ಪಾಠದ ನಡುವೆ ಸರ್ಕಾರವನ್ನು ಬೈಯುವುದನ್ನು ಅವರು ಬಿಟ್ಟಿರಲಿಲ್ಲ. ಖಜಾನೆಯ ದುಡ್ಡು ಜನರದ್ದು, ಮಂತ್ರಿಯ ಮಾವನ ಮನೆಯದ್ದಲ್ಲ ಎನ್ನುವುದು ಅವರ ಲೆಕ್ಕ. ಬೈಯುವ ಧೈರ್ಯ ಅವರ ಸ್ವಭಾವದ್ದೇ ಇರಬಹುದು. ಆದರೆ ಅದರ ಹಿಂದೆ ಒಂದು ವ್ಯವಸ್ಥೆಯೂ ಇತ್ತು. ಸಂಬಳ ಸರ್ಕಾರದ್ದಾದರೂ ಶಾಲೆಯ ಆಡಳಿತ ಮಂಡಳಿಯನ್ನು ಆರಿಸುತ್ತಿದ್ದವರು ಊರಿನ ಸಂಘದ ಸದಸ್ಯರು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೋ, ಮುಂದೆ ಬೇಕಾಗುತ್ತದೆ.

ಅಲ್ಲದೆ, ಸರ್ಕಾರಗಳನ್ನು ಬಿಟ್ಟರೆ ಈ ಕೆಲಸಕ್ಕೆ ಕೊಡುವವರು ಎಷ್ಟು ಮಂದಿ? ಚಿತ್ರಹಿಂಸೆಗೆ ಸಿಕ್ಕಿ ಬದುಕಿ ಬಂದವನ ಚಿಕಿತ್ಸೆಗೆ, ಸಾಮೂಹಿಕ ಗೋರಿ ಅಗೆದು ಮೂಳೆಗಳಿಗೆ ಹೆಸರು ಹುಡುಕುವುದಕ್ಕೆ, ಯಾವುದೋ ದೇಶದ ಜೈಲಿನಲ್ಲಿ ಕೊಳೆಯುತ್ತಿರುವವನಿಗೆ ವಕೀಲರನ್ನು ಗೊತ್ತುಮಾಡುವುದಕ್ಕೆ ಯಾವ ಕಂಪನಿ ಸಾಲುಗಟ್ಟಿ ನಿಂತಿದೆ? ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೇ ತನ್ನ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ಸ್ವಯಂಪ್ರೇರಿತ ದೇಣಿಗೆಗಳಿಂದ ತುಂಬಿಸಿಕೊಳ್ಳುತ್ತದೆ. ಅದರಲ್ಲಿ ಬಹುಪಾಲು ಸರ್ಕಾರಗಳು ಕೊಟ್ಟದ್ದು. ನಮ್ಮ ದೇಶವೂ ಬರೀ ಕೈಚಾಚಿದ ದೇಶವಲ್ಲ. 2005ರಲ್ಲಿ ವಿಶ್ವಸಂಸ್ಥೆಯ ಪ್ರಜಾಪ್ರಭುತ್ವ ನಿಧಿ ಶುರುವಾದಾಗ ಅಮೆರಿಕದಷ್ಟೇ, ಅಂದರೆ 1 ಕೋಟಿ ಡಾಲರ್, ಭಾರತವೂ ಹಾಕಿತು. ಆ ಹಂಡೆಗೆ ನಿನ್ನ ತಾತನ ತೆರಿಗೆಯ ಒಂದು ತೊಟ್ಟಾದರೂ ಬಿದ್ದಿರಬೇಕು.

ಹಾಗೆಂದು ಖಾಸಗಿ ದುಡ್ಡು ಗಂಗಾಜಲವೂ ಅಲ್ಲ. ಹ್ಯೂಮನ್ ರೈಟ್ಸ್ ವಾಚ್ ಯಾವ ಸರ್ಕಾರದಿಂದಲೂ ಒಂದು ಕಾಸು ಮುಟ್ಟುವುದಿಲ್ಲ, ಅದು ಅವರ ನೇಮ. 2010ರಲ್ಲಿ ಜಾರ್ಜ್ ಸೊರೊಸ್ ಒಬ್ಬರೇ ಅದಕ್ಕೆ 10 ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿದರು. ಅದೇ ಸಂಸ್ಥೆ 2020ರಲ್ಲಿ ಸೌದಿಯ ಒಬ್ಬ ಉದ್ಯಮಿಯಿಂದ ಹಿಂದೆ ಪಡೆದಿದ್ದ ಹಣವನ್ನು ವಾಪಸು ಮಾಡಬೇಕಾಯಿತು. ಆ ಪ್ರದೇಶದ ಸಲಿಂಗಿಗಳ ಹಕ್ಕಿನ ಕೆಲಸಕ್ಕೆ ಈ ದುಡ್ಡು ಬಳಸಕೂಡದು ಎಂಬ ಷರತ್ತಿಗೆ ಒಪ್ಪಿ ಅದನ್ನು ತೆಗೆದುಕೊಂಡಿದ್ದರಂತೆ. ಕೊಟ್ಟವರು ಯಾರೇ ಇರಲಿ, ಕೊಟ್ಟ ಕೈಗೆ ಒಂದು ಬೆರಳು ಹೆಚ್ಚಾಗಿಯೇ ಇರುತ್ತದೆ, ತೋರಿಸುವುದಕ್ಕೆ.

ಆದ್ದರಿಂದ ದುಡ್ಡು ಯಾರದ್ದು ಎಂಬ ನಿನ್ನ ಪ್ರಶ್ನೆಯಿಂದ ಹೆಚ್ಚು ದೂರ ಹೋಗಲಾಗುವುದಿಲ್ಲ. ಅದಕ್ಕಿಂತ ಒರಟಾದ ಒಂದು ಪ್ರಶ್ನೆ ಇದೆ. ಅದನ್ನು ಹೇಳಬೇಕಾದರೆ ನೀನಿರುವ ಊರಿನ ಕಥೆಯನ್ನೇ ಹೇಳಬೇಕು. ಅಲ್ಲಿ ಓದಿದ ನೀನು ಇದನ್ನು ಕೇಳಿರಬಹುದು, ಆದರೂ ಆಡಿಟರ್ ಬಾಯಲ್ಲಿ ಇನ್ನೊಂದು ಸಲ ಕೇಳು.

ಮಾಂಟ್ರಿಯಲ್‌ನಲ್ಲಿ ರೈಟ್ಸ್ ಅಂಡ್ ಡೆಮಾಕ್ರಸಿ ಎಂಬ ಸಂಸ್ಥೆಯಿತ್ತು. 1988ರಲ್ಲಿ, ಬ್ರಯನ್ ಮಲ್ರೋನಿ ಪ್ರಧಾನಿಯಾಗಿದ್ದಾಗ, ಕೆನಡಾದ ಸಂಸತ್ತು ಕಾಯಿದೆ ಮಾಡಿ ಹುಟ್ಟಿಸಿದ ಸಂಸ್ಥೆ. ಬೇರೆ ದೇಶಗಳಲ್ಲಿ ಮಾನವ ಹಕ್ಕು, ಪ್ರಜಾಪ್ರಭುತ್ವಕ್ಕಾಗಿ ದುಡಿಯುವವರಿಗೆ ಬೆಂಬಲ ಕೊಡುವುದು ಅದರ ಕೆಲಸ. ದುಡ್ಡು ಖಜಾನೆಯದ್ದು, ನಡೆ ಸ್ವತಂತ್ರ ಎಂದು ಕಾಯಿದೆ ಹೇಳಿತು. ಮಲ್ರೋನಿಯವರದ್ದು ಕನ್ಸರ್ವೇಟಿವ್ ಸರ್ಕಾರ. ಆ ಸರ್ಕಾರ ಸಂಸ್ಥೆಯ ಮೊದಲ ಮುಖ್ಯಸ್ಥರನ್ನಾಗಿ ಕೂರಿಸಿದ್ದು ಯಾರನ್ನು ಗೊತ್ತೇ? ವಿರೋಧ ಪಕ್ಷವಾದ ನ್ಯೂ ಡೆಮಾಕ್ರಟಿಕ್ ಪಾರ್ಟಿಯ ನಾಯಕರಾಗಿದ್ದ ಎಡ್ ಬ್ರಾಡ್‌ಬೆಂಟ್ ಅವರನ್ನು. ಅವರು 1990ರಿಂದ 1996ರವರೆಗೆ ಇದ್ದರು. ಆಮೇಲೆ ಲಿಬರಲ್ ಪಕ್ಷದ ಹಳೆಯ ಮಂತ್ರಿ ವಾರೆನ್ ಆಲ್ಮಂಡ್. ನಮ್ಮಲ್ಲಿ ನಿಗಮ, ಮಂಡಳಿಗಳ ಅಧ್ಯಕ್ಷಗಿರಿ ಹಂಚುವ ಚಂದ ನೋಡಿದ ನನಗೆ ಇದನ್ನು ಓದಿದಾಗ ಹೊಟ್ಟೆಕಿಚ್ಚಾಯಿತು.

ಆ ಸಂಸ್ಥೆ ಕೊಡುತ್ತಿದ್ದ ಪ್ರಶಸ್ತಿಗೆ ಜಾನ್ ಹಂಫ್ರಿಯವರ ಹೆಸರಿತ್ತು. ಅವರು ಮೆಕ್‌ಗಿಲ್‌ನ ಕಾನೂನು ಮೇಷ್ಟ್ರು, 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ಕರಡು ಬರೆದವರು. ಆ ಕರಡು ದಾಟುತ್ತ ದಾಟುತ್ತ ಬಂದಾಗ, 'ಎಲ್ಲ ಗಂಡಸರು' ಎಂದು ಓದಿಸಿಕೊಳ್ಳಬಹುದಾಗಿದ್ದ ಮೊದಲ ವಿಧಿಯನ್ನು 'ಎಲ್ಲ ಮಾನವರು' ಎಂದು ತಿದ್ದಿಸಿದ್ದು ನಮ್ಮ ಹಂಸಾ ಮೆಹತಾ. ಒಂದು ಪದ ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ಇದನ್ನು ನೆನಪಿಟ್ಟುಕೋ. ಒಂದು ಪದ ಸೇರಿಸಿದರೆ ಏನಾಗುತ್ತದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಸಂಸ್ಥೆ ಇಪ್ಪತ್ತು ವರ್ಷ ಹೀಗೇ ನಡೆಯಿತು. ವರ್ಷಕ್ಕೆ ಸುಮಾರು 1.1 ಕೋಟಿ ಡಾಲರ್ ಬರುತ್ತಿತ್ತು. ದುಡ್ಡು ನಿಲ್ಲಲಿಲ್ಲ, ಕಾಯಿದೆಯೂ ಬದಲಾಗಲಿಲ್ಲ. ಬದಲಾದದ್ದು ಆಡಳಿತ ಮಂಡಳಿಯ ಕುರ್ಚಿಗಳಲ್ಲಿ ಕೂತವರು. ಅವರನ್ನು ನೇಮಿಸುವ ಅಧಿಕಾರ ಸಚಿವ ಸಂಪುಟದ ಕೈಯಲ್ಲಿತ್ತು. ಆಮೇಲೆ ಪ್ರಧಾನಿಯಾದ ಸ್ಟೀಫನ್ ಹಾರ್ಪರ್ ಅವರ ಸರ್ಕಾರ ಒಬ್ಬೊಬ್ಬರ ಅವಧಿ ಮುಗಿದಂತೆ ಹೊಸಬರನ್ನು ಹಾಕುತ್ತ ಬಂತು. 2009ರಲ್ಲಿ ಸಂಸ್ಥೆ ಗಾಜಾ ಯುದ್ಧದ ನಂತರದ ಸ್ಥಿತಿ ನೋಡಲು ಇಸ್ರೇಲಿನ ಬೆತ್ಸೆಲೆಮ್, ಪ್ಯಾಲೆಸ್ಟೀನಿನ ಅಲ್ ಹಕ್ ಮತ್ತು ಅಲ್ ಮೆಜಾನ್ ಎಂಬ ಮೂರು ಹಕ್ಕುಗಳ ಸಂಘಟನೆಗಳಿಗೆ ತಲಾ ಸುಮಾರು 10,000 ಡಾಲರ್ ಕೊಟ್ಟಿತ್ತು. ಮಂಡಳಿಯ ಹೊಸಬರು ತಕರಾರು ತೆಗೆದರು. ಈ ಸಂಘಟನೆಗಳು ಪಕ್ಷಪಾತಿಗಳು, ಸಾರ್ವಜನಿಕರ ಹಣಕ್ಕೆ ಲೆಕ್ಕ ಬೇಕು ಎಂಬುದು ಅವರ ವಾದ. ಲೆಕ್ಕ ಕೇಳುವುದು ತಪ್ಪಲ್ಲ. ನಾನು ಬದುಕಿದ್ದೇ ಲೆಕ್ಕ ಕೇಳಿ. ಆದರೆ ಕೋಟಿ ಡಾಲರಿನ ಪುಸ್ತಕದಲ್ಲಿ 30,000 ಡಾಲರಿನ ಒಂದೇ ಸಾಲಿಗೆ ಬೆರಳಿಟ್ಟು ಕೂತವರ ಚಿಂತೆ ಲೆಕ್ಕದ್ದಾಗಿರುವುದಿಲ್ಲ. ಇದು ನನ್ನ ಅನುಭವ.

ಸಂಸ್ಥೆಯ ಮುಖ್ಯಸ್ಥ ರೆಮಿ ಬೋರಿಗಾರ್ಡ್ ಅವರ ಕೆಲಸದ ಬಗ್ಗೆ ಕಟುವಾದ ಒಂದು ಮೌಲ್ಯಮಾಪನ ಅವರಿಗೆ ತೋರಿಸದೆ ಸರ್ಕಾರಕ್ಕೆ ಹೋಯಿತು. 2010ರ ಜನವರಿಯಲ್ಲಿ ಮಂಡಳಿಯ ಸಭೆ ನಡೆಯಿತು. ಆ ಮೂರು ಅನುದಾನಗಳನ್ನು ತಳ್ಳಿಹಾಕುವ ನಿರ್ಣಯವಾಯಿತು. ಅಫ್ಘಾನಿಸ್ತಾನದ ಸಿಮಾ ಸಮರ್, ಕಾನೂನು ಪಂಡಿತ ಪಯಾಮ್ ಅಖವನ್ ಮಂಡಳಿ ಬಿಟ್ಟರು. ಅದೇ ರಾತ್ರಿ ಬೋರಿಗಾರ್ಡ್ ಹೃದಯಾಘಾತದಿಂದ ತೀರಿಕೊಂಡರು. ಸಿಬ್ಬಂದಿ ಬಹುತೇಕ ಒಟ್ಟಾಗಿ ಮಂಡಳಿಯ ಮೂವರು ರಾಜೀನಾಮೆ ಕೊಡಲಿ ಎಂದು ಪತ್ರ ಬರೆದರು. ಆಮೇಲೆ ಕೆಲಸ ಹೋದದ್ದು ಸಿಬ್ಬಂದಿಯಲ್ಲೇ ಮೂವರು ಮೇಲಧಿಕಾರಿಗಳದ್ದು. ಹೊರಗಿನ ಲೆಕ್ಕಿಗರನ್ನು ಕರೆಸಿ ಪುಸ್ತಕಗಳನ್ನು ಜಾಲಾಡಿಸಿದರು. ಹಣ ದುರುಪಯೋಗದ ಪುರಾವೆ ಸಿಗಲಿಲ್ಲ. ವಿರೋಧ ಪಕ್ಷಗಳು ಒಪ್ಪದಿದ್ದರೂ ಸರ್ಕಾರ ತನಗೆ ಬೇಕಾದವರನ್ನೇ ಹೊಸ ಮುಖ್ಯಸ್ಥರನ್ನಾಗಿ ನೇಮಿಸಿತು. 2012ರ ಏಪ್ರಿಲ್‌ನಲ್ಲಿ ವಿದೇಶಾಂಗ ಸಚಿವ ಜಾನ್ ಬೇರ್ಡ್ ಸಂಸ್ಥೆಯನ್ನು ಮುಚ್ಚುವುದಾಗಿ ಪ್ರಕಟಿಸಿದರು. ಆ ವರ್ಷದ ಬಜೆಟ್ ಮಸೂದೆಯೊಳಗೆ ನೂರೆಂಟು ಸಂಗತಿಗಳ ಜೊತೆ ಸೇರಿಸಿ 1988ರ ಕಾಯಿದೆಯನ್ನೇ ರದ್ದು ಮಾಡಿದರು.

ಈಗ ನಿನ್ನ ಮುತ್ತಾತನ ಶಾಲೆ ನೆನಪಿಸಿಕೋ. ಅಲ್ಲೂ ಸಂಬಳ ಸರ್ಕಾರದ್ದು, ಇಲ್ಲೂ ಸರ್ಕಾರದ್ದು. ಅಲ್ಲಿ ಕುರ್ಚಿ ಹಾಕುತ್ತಿದ್ದವರು ಊರವರು, ಇಲ್ಲಿ ಸಂಪುಟ. ಮಲ್ರೋನಿ ದೊಡ್ಡ ಮನಸ್ಸು ಮಾಡಿ ಎದುರು ಪಕ್ಷದವರನ್ನು ಕೂರಿಸಿದರು. ಆ ದೊಡ್ಡ ಮನಸ್ಸು ಕಾಯಿದೆಯಲ್ಲಿ ಬರೆದಿರಲಿಲ್ಲ. ಒಳ್ಳೆಯ ಮನೆಯೊಡೆಯನಿದ್ದಾಗ ಬಾಡಿಗೆ ಕರಾರು ಓದುವವರು ಯಾರು? ಎಲ್ಲರೂ ಚೆಕ್ಕಿನ ಮೇಲಿನ ಸಹಿಯನ್ನು ನೋಡುತ್ತಾರೆ. ನೀನು ನೇಮಕದ ಆದೇಶದ ಮೇಲಿನ ಸಹಿಯನ್ನು ನೋಡು. ನಿನ್ನ ಸಂಸ್ಥೆಯ ಆಡಳಿತ ಮಂಡಳಿಗೆ ಹೊಸಬರನ್ನು ಯಾರು ಆರಿಸುತ್ತಾರೆ, ಮುಖ್ಯಸ್ಥರನ್ನು ಯಾರು ತೆಗೆಯಬಹುದು, ಎಷ್ಟು ಮತ ಬೇಕು? ಬೈಲಾ ಕೇಳಿ ಓದು. ಬೋರು ಹೊಡೆಸುವ ಕಾಗದ ಅದು. ಸಂಸ್ಥೆಯ ಆಯುಷ್ಯ ಮಾತ್ರ ಅದರಲ್ಲೇ ಇರುತ್ತದೆ.

ಒಂದು ಪದ ಸೇರಿಸಿದ ಕಥೆಯೂ ನಿಮ್ಮ ಕೆನಡಾದ್ದೇ. ಕೈರೋಸ್ ಎಂದು ಚರ್ಚುಗಳೆಲ್ಲ ಸೇರಿ ನಡೆಸುವ ಒಂದು ಒಕ್ಕೂಟ. ಬೇರೆ ದೇಶಗಳಲ್ಲಿ ಅದು ಮಾಡುವ ಹಕ್ಕುಗಳ ಕೆಲಸಕ್ಕೆ ಸರ್ಕಾರದ ನೆರವು ದಶಕಗಳಿಂದ ಬರುತ್ತಿತ್ತು. 2009ರಲ್ಲಿ ಸುಮಾರು 70 ಲಕ್ಷ ಡಾಲರಿನ ಅರ್ಜಿಯನ್ನು ಇಲಾಖೆಯ ಅಧಿಕಾರಿಗಳು ಓದಿ, ಮಂಜೂರು ಮಾಡಬಹುದು ಎಂದು ಶಿಫಾರಸು ಬರೆದು ಸಹಿ ಹಾಕಿದರು. ಕಡತ ಮಂತ್ರಿ ಬೆವ್ ಓಡಾ ಅವರಿಂದ ವಾಪಸು ಬಂದಾಗ ಟೈಪು ಮಾಡಿದ ಸಾಲಿನ ನಡುವೆ ಕೈಬರಹದಲ್ಲಿ ಒಂದು ಪದ ಸೇರಿತ್ತು: 'ನಾಟ್'. ಅಧಿಕಾರಿಗಳ ಸಹಿ ಹಾಗೇ ಇತ್ತು, ಅರ್ಥ ಮಾತ್ರ ತಲೆಕೆಳಗು. ಅದನ್ನು ಬರೆದವರು ಯಾರೋ ತಿಳಿಯದು ಎಂದು ಮೊದಲು ಹೇಳಿದ ಮಂತ್ರಿ, ತಮ್ಮ ಸೂಚನೆಯಂತೆಯೇ ಆದದ್ದು ಎಂದು 2011ರ ಫೆಬ್ರವರಿಯಲ್ಲಿ ಸದನದಲ್ಲಿ ಒಪ್ಪಿಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವಲ್ಲ, ಅಲ್ಲಿ ಪೂಜಾರಿಗಳೆಲ್ಲ ಮಂಗಳಾರತಿ ಮುಗಿಸಿ ಕಾದಿದ್ದರು, ದೇವರೇ ಕೊಡಲಿಲ್ಲ. ಮಂತ್ರಿಗೆ ಬೇಡ ಎನ್ನುವ ಅಧಿಕಾರ ಇತ್ತು. ಬೇಡ ಎಂದು ತನ್ನ ಹೆಸರಿನಲ್ಲಿ ಬರೆಯುವ ಧೈರ್ಯ ಇರಲಿಲ್ಲ, ಅಷ್ಟೇ. ನಿನ್ನ ಕಚೇರಿಯಲ್ಲಿ ಯಾರಿಗಾದರೂ ಅನುದಾನ ನಿರಾಕರಿಸುವ ಸರದಿ ನಿನಗೆ ಬಂದಾಗ, ಕಾರಣವನ್ನು ಪೂರ್ತಿ ವಾಕ್ಯದಲ್ಲಿ ಬರೆದು ಕೆಳಗೆ ನಿನ್ನ ಹೆಸರು ಹಾಕು.

ಕುರ್ಚಿ ನಿಮ್ಮದೇ ಆದರೆ ಸಾಕೇ? ಸಾಲದು. ಅಮೆರಿಕದ ಕಥೆ ನೋಡು. 1967ರಲ್ಲಿ ಅಲ್ಲಿ ದೊಡ್ಡ ಹಗರಣ ಬಯಲಾಯಿತು. ವಿದ್ಯಾರ್ಥಿ ಸಂಘ, ಸಾಹಿತ್ಯ ಪತ್ರಿಕೆಗಳ ಕೂಟ ಮುಂತಾದ ಎಷ್ಟೋ ಸಂಸ್ಥೆಗಳಿಗೆ ಸಿಐಎ ಗುಟ್ಟಾಗಿ ದುಡ್ಡು ಹರಿಸುತ್ತಿತ್ತು. ಜಿನೀವಾದ ಇಂಟರ್‌ನ್ಯಾಷನಲ್ ಕಮಿಷನ್ ಆಫ್ ಜ್ಯೂರಿಸ್ಟ್ಸ್‌ನಂಥ ಗೌರವಾನ್ವಿತ ಸಂಸ್ಥೆಯ ಹೆಸರೂ ಆ ಪಟ್ಟಿಯಲ್ಲಿ ಬಂತು. ಅಲ್ಲಿ ಪ್ರಾಮಾಣಿಕವಾಗಿ ದುಡಿದ ಎಷ್ಟೋ ವಕೀಲರಿಗೆ ತಮ್ಮ ಟಿಕೆಟ್ಟಿನ ದುಡ್ಡು ಎಲ್ಲಿಂದ ಬಂತೆಂದೇ ಗೊತ್ತಿರಲಿಲ್ಲ. ಅದೇ ವರ್ಷ ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ಗೂ ಗ್ರಹಚಾರ. ರೊಡೇಷಿಯಾದ ರಾಜಕೀಯ ಕೈದಿಗಳ ಕುಟುಂಬಗಳಿಗೆ ಹಂಚಲು ಬ್ರಿಟಿಷ್ ಸರ್ಕಾರದ ಹಣ ಗುಟ್ಟಾಗಿ ಬಂದಿತ್ತೆಂಬ ಸಂಗತಿ ಹೊರಬಿತ್ತು. 1961ರಲ್ಲಿ ಆ ಸಂಸ್ಥೆಯನ್ನು ಕಟ್ಟಿದ ಪೀಟರ್ ಬೆನೆನ್ಸನ್ ಅವರೇ ಅದರಿಂದ ಹೊರನಡೆದರು. ಹಣ ಹೋದದ್ದು ಕೈದಿಗಳ ಹೆಂಡತಿ ಮಕ್ಕಳಿಗೆ. ಅದರಲ್ಲಿ ಪಾಪವೇನೂ ಇರಲಿಲ್ಲ, ಗುಟ್ಟೇ ಪಾಪವಾಯಿತು. ಗುಟ್ಟಿನ ದುಡ್ಡಿಗೆ ಒಂದು ವಿಚಿತ್ರ ಗುಣ: ಅದು ಹಿಂದಕ್ಕೂ ಹರಿಯುತ್ತದೆ. ಇವತ್ತು ಬಯಲಾದರೆ ಹತ್ತು ವರ್ಷದ ಹಿಂದೆ ನೀನು ನಿಜವನ್ನೇ ಬರೆದ ವರದಿಗೂ ಕರೆ ಅಂಟುತ್ತದೆ. ಆಮ್ನೆಸ್ಟಿ ಆಮೇಲೆ ತನ್ನ ತನಿಖೆ, ಪ್ರಚಾರಗಳಿಗೆ ಸರ್ಕಾರದ ಹಣ ಬೇಡ ಎಂದು ಗೆರೆ ಎಳೆದುಕೊಂಡು, ಸದಸ್ಯರ ಚಿಲ್ಲರೆ ದೇಣಿಗೆಯಿಂದ ಬೆಳೆಯಿತು.

ಅಮೆರಿಕ ಬೇರೆ ದಾರಿ ಹಿಡಿಯಿತು. ಗುಟ್ಟಾಗಿ ಕೊಟ್ಟರೆ ತಾನೇ ರಗಳೆ, ಬಹಿರಂಗವಾಗಿಯೇ ಕೊಡೋಣ ಎಂದು 1983ರಲ್ಲಿ ನ್ಯಾಷನಲ್ ಎಂಡೋಮೆಂಟ್ ಫಾರ್ ಡೆಮಾಕ್ರಸಿ ಕಟ್ಟಿತು. ಅದು ಸರ್ಕಾರಿ ಇಲಾಖೆಯಲ್ಲ, ಖಾಸಗಿ ಸಂಸ್ಥೆ. ಮಂಡಳಿಯನ್ನು ಅಧ್ಯಕ್ಷ ನೇಮಿಸುವುದಿಲ್ಲ, ಮಂಡಳಿಯೇ ಆರಿಸಿಕೊಳ್ಳುತ್ತದೆ. ಹಣ ಮಾತ್ರ ಹೆಚ್ಚುಕಡಿಮೆ ಪೂರ್ತಿ ಅಮೆರಿಕದ ಕಾಂಗ್ರೆಸ್‌ನದ್ದು. ಮಾಂಟ್ರಿಯಲ್‌ನ ರೋಗ ಇದಕ್ಕೆ ಬರುವ ಹಾಗಿಲ್ಲ ಅಂದುಕೊಂಡಿದ್ದರು. 2025ರ ಆರಂಭದಲ್ಲಿ ಹೊಸ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿದಾಗ ಇದರ ನಲ್ಲಿಯೂ ಬತ್ತಿತು. ಕಾಂಗ್ರೆಸ್ ಮಂಜೂರು ಮಾಡಿದ್ದ ಹಣಕ್ಕಾಗಿ ಮಾರ್ಚ್‌ನಲ್ಲಿ ತನ್ನ ಸರ್ಕಾರದ ಮೇಲೆಯೇ ಕೋರ್ಟಿಗೆ ಹೋಗಬೇಕಾಯಿತು. ಅದೇ ತಿಂಗಳು ಯುಎಸ್‌ಎಯ್ಡ್‌ನ ಕಾರ್ಯಕ್ರಮಗಳಲ್ಲಿ ಶೇ. 83ರಷ್ಟನ್ನು ರದ್ದು ಮಾಡಿದ್ದೇವೆಂದು ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ಘೋಷಿಸಿದರು. ಎಷ್ಟೋ ದೇಶಗಳಲ್ಲಿ ಪುಟ್ಟ ಪುಟ್ಟ ಹಕ್ಕುಗಳ ಕಚೇರಿಗಳು ಆ ದಿನಗಳಲ್ಲಿ ಬಾಗಿಲು ಎಳೆದುಕೊಂಡವು.

ನಿನ್ನಪ್ಪನ ಪ್ರಶ್ನೆ ಇಲ್ಲಿಗೆ ಬಂತು, ನೋಡು. ಸಂಬಳ ಒಂದನೇ ತಾರೀಕಿಗೆ ಬರತ್ತಾ? ಒಬ್ಬನೇ ದಾನಿ ಮುಕ್ಕಾಲು ಪಾಲು ಕೊಡುವ ಸಂಸ್ಥೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಬಾಲ ಇದೆ: ಅವನು ನಾಳೆ ನಿಲ್ಲಿಸಿದರೆ ಎಷ್ಟು ತಿಂಗಳು ಬರತ್ತೆ? ಆಪದ್ಧನ ಎಷ್ಟಿದೆ ಎಂದು ಕೇಳು. ಆರು ತಿಂಗಳಾದರೆ ಧೈರ್ಯವಾಗಿ ಮಾತಾಡುವ ಸಂಸ್ಥೆ. ಒಂದು ತಿಂಗಳಾದರೆ ಅದು ಮಾತಾಡುವ ಮುಂಚೆ ಮೂರು ಸಲ ಫೋನು ಮಾಡುತ್ತದೆ. ಇನ್ನೊಂದು, ಬಂದ ಹಣ ಯೋಜನೆಗೆ ಕಟ್ಟಿಹಾಕಿದ್ದೋ, ಸಂಸ್ಥೆ ನಡೆಸುವುದಕ್ಕೆ ಕೊಟ್ಟದ್ದೋ ನೋಡು. ಯೋಜನೆಯ ಹಣದಲ್ಲಿ ತರಬೇತಿಯ ಊಟಕ್ಕೆ ದುಡ್ಡಿರುತ್ತದೆ, ಕಚೇರಿಯ ಬಾಡಿಗೆಗೆ ಇರುವುದಿಲ್ಲ. ಇಲ್ಲೂ ಅದೇ ಹಣೆಬರಹ. ಮಾರ್ಚ್ ಕೊನೆಗೆ ಕಂತು ಬಂದು, ವಾರದೊಳಗೆ ಖರ್ಚು ತೋರಿಸಿ ಬಳಕೆ ಪ್ರಮಾಣಪತ್ರ ಕೊಡಿ ಎಂದರೆ, ಹಕ್ಕುಗಳ ಕಾರ್ಯಾಗಾರಗಳೆಲ್ಲ ಮಾರ್ಚ್ 25ರಿಂದ 31ರೊಳಗೇ ನಡೆದುಹೋಗಿರುತ್ತವೆ. ನನ್ನ ಕಡತಗಳ ಪ್ರಕಾರ ನಮ್ಮ ಜಿಲ್ಲೆಯ ಜನರಿಗೆ ಉಳಿದ 51 ವಾರ ಯಾವ ಹಕ್ಕೂ ಬೇಕಾಗಿರಲಿಲ್ಲ.

ಇಷ್ಟು ಹೊತ್ತು ಬೇರೆಯವರ ತಪ್ಪು ಹೇಳಿದೆ. ಈಗ ನನ್ನದು.

ತೊಂಬತ್ತರ ದಶಕದ ಕೊನೆಗೆ ಕಲ್ಲುಗಣಿಗಳಲ್ಲಿ ಜೀತಕ್ಕಿದ್ದವರನ್ನು ಬಿಡಿಸುವ ಒಂದು ಸಣ್ಣ ಸಂಸ್ಥೆಯ ಲೆಕ್ಕ ನನ್ನ ಹತ್ತಿರ ಇತ್ತು. ಹೆಸರು ಬೇಡ. ಯೂರೋಪಿನ ಒಂದು ಸರ್ಕಾರದ ನೆರವಿನಿಂದ ಅದು ನಡೆಯುತ್ತಿತ್ತು. ವರದಿಯ ಕರಡನ್ನು ಅಂಕಿ ಸರಿ ಇದೆಯಾ ನೋಡಿ ಎಂದು ನನಗೆ ಕೊಟ್ಟರು. ಅದರಲ್ಲಿ ಒಂದು ಸಾಲಿತ್ತು: ಈ ಗಣಿಗಳಿಂದ ಹೋಗುವ ಕಲ್ಲು ಎಲ್ಲೆಲ್ಲಿಗೆ ಮಾರಾಟವಾಗುತ್ತದೆ, ಗೋರಿಕಲ್ಲುಗಳಾಗಿ ಯಾವ ದೇಶ ಸೇರುತ್ತದೆ ಎಂದು. ಆ ದೇಶಗಳ ಪಟ್ಟಿಯಲ್ಲಿ ದುಡ್ಡು ಕೊಟ್ಟ ದೇಶವೂ ಇತ್ತು. ಎರಡನೇ ಕಂತು ಇನ್ನೂ ಬಂದಿರಲಿಲ್ಲ. ಸಂಸ್ಥೆ ನಡೆಸುತ್ತಿದ್ದ ಹುಡುಗ ಎರಡು ತಿಂಗಳಿಂದ ಸಂಬಳ ತಗೊಂಡಿರಲಿಲ್ಲ, ನನಗೆ ಗೊತ್ತಿತ್ತು. ನಾನೇ ಹೇಳಿದೆ: "ಈ ಸಾಲು ಈಗ ಯಾಕಪ್ಪ, ಕಂತು ಬರಲಿ, ಮುಂದಿನ ವರದಿಯಲ್ಲಿ ಹಾಕಿದರಾಯಿತು." ಅವನು ನನ್ನ ಮುಖ ನೋಡಿದ. ಆಮೇಲೆ ಕೆಂಪು ಪೆನ್ನಿನಿಂದ ತಾನೇ ಹೊಡೆದುಹಾಕಿದ.

ಆ ಸರ್ಕಾರದವರು ಯಾರೂ ಕೇಳಿರಲಿಲ್ಲ, ಕಣಮ್ಮ. ಕೇಳುತ್ತಿದ್ದರೋ ಇಲ್ಲವೋ, ಬಹುಶಃ ಆ ಸಾಲನ್ನು ಮೆಚ್ಚಿಕೊಂಡೂ ಇರುತ್ತಿದ್ದರು. ಕಂತು ಬಂತು, ಹುಡುಗನ ಸಂಬಳ ಬಂತು, ನನ್ನ ಫೀಸೂ ಬಂತು. ಮುಂದಿನ ವರದಿಯಲ್ಲಿ ಆ ಸಾಲು ಬರಲಿಲ್ಲ. ಅದರ ಮುಂದಿನದರಲ್ಲೂ ಬರಲಿಲ್ಲ. ಸರ್ಕಾರದ ದುಡ್ಡು ಬಾಯಿ ಮುಚ್ಚಿಸುತ್ತದೆ ಎಂದು ಜನ ಹೇಳುವಾಗ ಯಾರೋ ಅಧಿಕಾರಿ ಬಂದು ಗದರಿಸುವ ಚಿತ್ರ ಕಣ್ಣ ಮುಂದೆ ಬರುತ್ತದೆ. ನಾನು ಕಂಡಂತೆ ಅದು ನಡೆಯುವುದು ಒಬ್ಬ ಹಿತೈಷಿ ಆಡಿಟರನ ಮೇಜಿನ ಮೇಲೆ, ಚಹಾ ಕುಡಿಯುತ್ತ. ನಿನ್ನ ಕಚೇರಿಯಲ್ಲೂ ಒಬ್ಬ ಹಿತೈಷಿ ಇರುತ್ತಾನೆ. ಅವನು ಕೆಟ್ಟವನಲ್ಲ. ನಿನ್ನ ಸಂಬಳದ ಚಿಂತೆ ಅವನಿಗೂ ಇರುತ್ತದೆ. ಅವನ ಮಾತು ಕೇಳುವ ಮುಂಚೆ ಹೊಡೆದ ಸಾಲನ್ನು ಬೇರೆ ಹಾಳೆಯಲ್ಲಿ ಬರೆದು, ತಾರೀಕು ಹಾಕಿ, ಸಭೆಯ ನಡಾವಳಿಗೆ ಸೇರಿಸು. ಹೊಡೆದದ್ದು ದಾಖಲಾಗಲಿ.

ನೀನು ಈಗ ಪಡೆಯುವ ಕೈ ಮಾತ್ರವಲ್ಲ, ಕೊಡುವ ಕೈಯೂ ಹೌದು. ನಿಮ್ಮ ಸಂಸ್ಥೆ ಕೆನಡಾ ಸರ್ಕಾರದಿಂದ ಪಡೆದದ್ದನ್ನು ಬೇರೆ ಬೇರೆ ದೇಶಗಳ ಸಣ್ಣ ಗುಂಪುಗಳಿಗೆ ಹಂಚುತ್ತದೆ ಎಂದೆ. ಹಂಚುವಾಗ ಅಲ್ಲಿಯವರ ಮೇಲೆ ಏನು ಬೀಳುತ್ತದೆ, ನೋಡಿಕೊಳ್ಳಬೇಕು. ಇಥಿಯೋಪಿಯಾ 2009ರಲ್ಲಿ ಕಾನೂನು ಮಾಡಿ, ಶೇ. 10ಕ್ಕಿಂತ ಹೆಚ್ಚು ಹಣ ಹೊರದೇಶದಿಂದ ಪಡೆಯುವ ಸಂಘಟನೆಗಳು ಮಾನವ ಹಕ್ಕುಗಳ ಕೆಲಸವನ್ನೇ ಮಾಡಕೂಡದು ಎಂದಿತು. ಅದು ಸಡಿಲವಾಗಲು ಹತ್ತು ವರ್ಷ ಬೇಕಾಯಿತು. ರಷ್ಯಾ 2012ರಲ್ಲಿ 'ವಿದೇಶಿ ಏಜೆಂಟ್' ಎಂಬ ಹಣೆಪಟ್ಟಿ ತಂದಿತು. ನಮ್ಮಲ್ಲಿ ವಿದೇಶಿ ವಂತಿಗೆ ಕಾಯಿದೆ ಹುಟ್ಟಿದ್ದು 1976ರಲ್ಲಿ. 2010ರಲ್ಲಿ ಹೊಸ ಕಾಯಿದೆ ಬಂತು. 2020ರ ತಿದ್ದುಪಡಿಯ ಮೇಲೆ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬಂದಿಳಿಯಬೇಕು, ಆಡಳಿತ ವೆಚ್ಚ ಶೇ. 50ರ ಬದಲು 20 ಮೀರಬಾರದು, ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ದೊಡ್ಡ ಸಂಸ್ಥೆಗಳು ಹೇಗೋ ಸಂಭಾಳಿಸಿದವು. ಅವುಗಳ ಮೂಲಕ ಐವತ್ತು ಸಾವಿರ, ಲಕ್ಷ ಪಡೆಯುತ್ತಿದ್ದ ಹಳ್ಳಿಗಾಡಿನ ಗುಂಪುಗಳಿಗೆ ಆ ಕಡೆಯ ವಾಕ್ಯವೇ ಮುಳುವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿದ್ದ ಆಮ್ನೆಸ್ಟಿ ಇಂಡಿಯಾ ಬ್ಯಾಂಕ್ ಖಾತೆಗಳು ಸ್ತಂಭನಗೊಂಡ ಕಾರಣ ಕೆಲಸ ನಿಲ್ಲಿಸಿತು. ಕಾಯಿದೆಯ ಕಣ್ಣು ತಪ್ಪಿಸಿ ಬೇರೆ ದಾರಿಯಲ್ಲಿ ಹಣ ತಂದರು ಎಂದು ಸರ್ಕಾರ, ಟೀಕಿಸಿದ್ದಕ್ಕೆ ಸೇಡು ಎಂದು ಸಂಸ್ಥೆ. ಯಾವ ಪಕ್ಷ ವಹಿಸಿದರೂ ಒಂದು ಸಂಗತಿ ನಿಜ. ದಾನಿಯ ದೇಶದಲ್ಲಿ ಎಷ್ಟೇ ಸರಳವಾದ ಚೆಕ್ಕಾಗಲಿ, ಇಳಿಯುವ ಊರಿನಲ್ಲಿ ಅದು ಸಾಕ್ಷ್ಯವಾಗಬಹುದು.

ಆದ್ದರಿಂದ ಹಣ ಕಳಿಸುವ ಮುಂಚೆ ಅವರನ್ನೇ ಕೇಳು: ನಮ್ಮ ದೇಶದ ಬಾವುಟದ ಗುರುತು ನಿಮ್ಮ ಬ್ಯಾನರಿನ ಮೇಲೆ ಬೇಕೋ, ಬೇಡವೋ? ಹೆಸರು ಎಲ್ಲಿ ಬರೆಯಲಿ, ಎಲ್ಲಿ ಬಿಡಲಿ? ಮುಚ್ಚಿಡು ಅನ್ನುತ್ತಿಲ್ಲ. ಲೆಕ್ಕ ಪೂರ್ತಿ ಬಯಲಾಗಿರಲಿ, ಮೆರವಣಿಗೆ ಬೇಡ. ಮತ್ತೆ, ನಿಮ್ಮ ನಮೂನೆಗಳನ್ನು ಸ್ವಲ್ಪ ಕಡಿಮೆ ಮಾಡಿ. ಕಾಣೆಯಾದ ಮಗನಿಗಾಗಿ ಹನ್ನೆರಡು ವರ್ಷ ಠಾಣೆ ಸುತ್ತಿದ ತಾಯಿಯನ್ನು 'ನೇರ ಫಲಾನುಭವಿ' ಎಂಬ ಕಾಲಮ್ಮಿನಲ್ಲಿ ಅಂಕಿಯಾಗಿ ತುಂಬಿಸಿಕೊಂಡವರನ್ನು ನಾನು ನೋಡಿದ್ದೇನೆ. ತುಂಬಿಸಿದವರಿಗೂ ನಾಚಿಕೆಯಾಗಿತ್ತು.

ಕೆಲಸಕ್ಕೆ ಸೇರು. ಮುಕ್ಕಾಲು ಪಾಲು ಸರ್ಕಾರದ್ದಾದರೂ ಸೇರು. ಆ ಮುಕ್ಕಾಲು ಮೂರು ವರ್ಷದಲ್ಲಿ ಅರ್ಧಕ್ಕೆ ಇಳಿಯುವಂತೆ ಸದಸ್ಯರ ವಂತಿಗೆ ಎತ್ತುವ ಕೆಲಸ ಯಾರಾದರೂ ಮಾಡುತ್ತಿದ್ದಾರೆಯೇ ನೋಡು. ಇಲ್ಲದಿದ್ದರೆ ನೀನೇ ಕೇಳಿ ವಹಿಸಿಕೋ. ಅದು ಯಾರಿಗೂ ಬೇಡವಾದ ಕೆಲಸ, ಹೊಸಬರಿಗೆ ಸುಲಭವಾಗಿ ಕೊಡುತ್ತಾರೆ. ಕೆನಡಾ ಸರ್ಕಾರದ ತಪ್ಪನ್ನು ನಿಮ್ಮ ಸಂಸ್ಥೆ ಕೊನೆಯ ಸಲ ಯಾವಾಗ ಬರೆಯಿತು ಎಂದು ಹಳೆಯ ವರದಿಗಳಲ್ಲಿ ಹುಡುಕು. ಬೇರೆ ದೇಶದ ಜೈಲುಗಳ ಬಗ್ಗೆ ನೂರು ಪುಟ ಬರೆದು, ತನ್ನ ನೆಲದ ಮೂಲನಿವಾಸಿಗಳ ಬಗ್ಗೆ ಒಂದು ಪುಟವೂ ಇಲ್ಲದಿದ್ದರೆ, ಯಾಕೆ ಎಂದು ಸಭೆಯಲ್ಲಿ ಎದ್ದು ಕೇಳು. ಮೆಲ್ಲಗೆ ಕೇಳು, ಆದರೆ ನಡಾವಳಿ ಬರೆಯುವವರಿಗೆ ಕೇಳಿಸುವಷ್ಟು.

ಮೊದಲ ವಾರದಲ್ಲೇ ಬೈಲಾ ಮತ್ತು ಕಳೆದ ಮೂರು ವರ್ಷದ ಲೆಕ್ಕಪತ್ರ ಕೇಳಿ ಇಸಿದುಕೋ. ಕೊಟ್ಟರೆ ನನಗೊಂದು ಪ್ರತಿ ಕಳಿಸು. ಕನ್ನಡಕ ಹೋದ ತಿಂಗಳಷ್ಟೇ ಹೊಸದು ಮಾಡಿಸಿದ್ದೇನೆ.

ನಿನ್ನ ತಾತ